ಮೂವತ್ತೆರಡನೇ ನಂಬರಿನ ಬಾಟ್ಲಿ

ಪಟ್ಟಿ ಉಲ್ಟಾ ಅಂಟಿತ್ತು.

ಹೊಗೆರಾಯ ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡಿದ. ಕಣ್ಣು ಮೋಸ ಮಾಡುತ್ತಿರಬಹುದು ಅಂತ ಕನ್ನಡಕ ತೆಗೆದು ಒರೆಸಿ ಮೂರನೇ ಸಲವೂ ನೋಡಿದ. ಊಹೂಂ, ಕಣ್ಣಿನ ತಪ್ಪಲ್ಲ. ಇಡೀ ಪುಟದ ಪಟ್ಟಿಗಳೆಲ್ಲ ಒಂದು ಥರ, ಇದೊಂದೇ ಇನ್ನೊಂದು ಥರ.

ಹದಿನೆಂಟು ವರ್ಷ ಅಗ್ನಿಶಾಮಕ ದಳದಲ್ಲಿ ನೀರು ಹೊಡೆದು, ಆಮೇಲೆ ಬೆಂಕಿ ಹತ್ತಿದ್ದು ಹೇಗೆ ಅಂತ ಪತ್ತೆ ಮಾಡೋದನ್ನೇ ಕಸುಬು ಮಾಡಿಕೊಂಡವನು ಅವನು. ಹೊಗೆರಾಯ ಅನ್ನೋ ಅಡ್ಡಹೆಸರು ದಳದವರು ಇಟ್ಟಿದ್ದು. ಈಗ ಹೆಂಡತಿಯೂ ಹಾಗೇ ಕರೆಯುತ್ತಾಳೆ, ಕೋಪ ಬಂದಾಗ ಮಾತ್ರ ರಾಯ ಬಿಟ್ಟು ಬರೀ ಹೊಗೆ ಅನ್ನುತ್ತಾಳೆ.

ಹನ್ನೊಂದು ದಿನದ ಹಿಂದೆ ಈ ಉಗ್ರಾಣದ ಪಕ್ಕದ ಪ್ರಯೋಗಶಾಲೆಯಲ್ಲಿ ಈಥರ್ ಅನ್ನೋ ದ್ರವವನ್ನು ಭಟ್ಟಿ ಇಳಿಸುತ್ತಿದ್ದ ಹುಡುಗಿಯ ಮುಖದೆದುರೇ ಗಾಜಿನ ಫ್ಲಾಸ್ಕು ಸಿಡಿದಿತ್ತು. ಅವಳ ಕಣ್ಣಿಗೆ ಕಟ್ಟು, ಉಗ್ರಾಣ ನೋಡಿಕೊಳ್ಳುವ ಪೆನ್ಸಿಲಣ್ಣನ ಕೈಗೆ ಕೋಳ. ಅವನು ಅಂಥವನಲ್ಲ, ನೀನೇ ಬಂದು ತೋರಿಸಿಕೊಡಬೇಕು ಅಂತ ಹೊಗೆರಾಯನನ್ನು ಕರೆಸಿದವಳು ಈ ಪ್ರಯೋಗಶಾಲೆಯ ಮುಖ್ಯಸ್ಥೆ. ಅವನ ಸ್ವಂತ ಅಕ್ಕ.

ಉಗ್ರಾಣ ಅಂದರೆ ದೊಡ್ಡದೇನಲ್ಲ. ನಾಲ್ಕು ಹೆಜ್ಜೆ ಇಟ್ಟರೆ ಎದುರಿನ ಗೋಡೆ. ಕಿಡಿಯ ಭಯಕ್ಕೆ ದೀಪದ ಸ್ವಿಚ್ಚು ಒಳಗಿಲ್ಲ, ಬಾಗಿಲ ಹೊರಗಿದೆ. ಗಾಳಿ ಎಳೆಯುವ ಫ್ಯಾನನ್ನು ಎಲ್ಲರ ಹಾಗೆ ಮೇಲೆ ಕೂರಿಸದೆ ಪಾದದ ಮಟ್ಟದಲ್ಲಿ ಕೂರಿಸಿದ್ದಾರೆ. ಈಥರಿನ ಆವಿ ಗಾಳಿಗಿಂತ ಭಾರ, ಮೇಲೇಳದೆ ನೆಲ ಹಿಡಿದು ತೆವಳುತ್ತದೆ. "ಈಥರನ್ನ ಬೆಂಕಿ ಹತ್ರ ಒಯ್ಯೋದೇನೂ ಬೇಡ ರಾಯರೇ, ಅದೇ ಬೆಂಕಿನ ಹುಡುಕಿಕೊಂಡು ಹೋಗುತ್ತೆ. ಆಚೆ ಕೋಣೆಯಲ್ಲಿ ಒಲೆ ಹಚ್ಚಿದ್ರೂ ಸಾಕು" ಅಂತ ಪೆನ್ಸಿಲಣ್ಣ ಹಿಂದೊಮ್ಮೆ ಹೇಳಿದ್ದ. ಗಿರಾಕಿಯ ಗುಣ ಅಂಗಡಿಯವನಿಗೆ ಗೊತ್ತಿರುವ ಹಾಗೆ ಅವನಿಗೆ ಈಥರಿನ ಗುಣ ಗೊತ್ತಿತ್ತು.

ಇದಕ್ಕಿಂತ ಕೆಟ್ಟ ಗುಣ ಇನ್ನೊಂದಿದೆ. ಬಾಟ್ಲಿಯನ್ನು ಒಮ್ಮೆ ತೆರೆದು ಗಾಳಿ ಸೋಕಿಸಿ ತಿಂಗಳುಗಟ್ಟಲೆ ಇಟ್ಟರೆ, ಈಥರಿನ ಒಳಗೇ ಪೆರಾಕ್ಸೈಡ್ ಅನ್ನೋದು ಹುಟ್ಟುತ್ತದೆ. ಬಣ್ಣ ಬದಲಾಗುವುದಿಲ್ಲ, ವಾಸನೆಯೂ ಬದಲಾಗುವುದಿಲ್ಲ. ಅಂಥ ಈಥರನ್ನು ಭಟ್ಟಿ ಇಳಿಸಿದರೆ ಈಥರು ಆವಿಯಾಗಿ ಹೋಗಿ ಪೆರಾಕ್ಸೈಡು ತಳದಲ್ಲಿ ಉಳಿಯುತ್ತದೆ. ಬಿಸಿ ತಗುಲಿದ್ದೇ ತಡ, ಢಮಾರ್! ಇನ್ನೂ ಹಳೆಯದಾದರೆ ಮುಚ್ಚಳದ ಸುತ್ತ ಬಿಳಿ ಹರಳು ಕಟ್ಟುತ್ತದೆ. ಆಗ ಭಟ್ಟಿಯೂ ಬೇಡ, ಬೆಂಕಿಯೂ ಬೇಡ, ಮುಚ್ಚಳ ತಿರುಗಿಸಿದ ತಿಕ್ಕಾಟಕ್ಕೇ ಬಾಟ್ಲಿ ಸಿಡಿಯುತ್ತದೆ.

ಅದಕ್ಕೇ ಇಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿ. ಬಾಟ್ಲಿ ತೆರೆದ ತಾರೀಖನ್ನು ಅದರ ಕೊರಳಿನ ಚೀಟಿಯಲ್ಲಿ ಬರೆಯಬೇಕು, ಅದೂ ಪೆನ್ಸಿಲಿನಲ್ಲಿ. ಶಾಯಿಯಲ್ಲಿ ಬರೆದರೆ ಸುರಿಯುವಾಗ ಇಳಿದ ಒಂದು ಹನಿ ಈಥರು ಅಕ್ಷರವನ್ನೇ ತೊಳೆದುಬಿಡುತ್ತದೆ. ಪೆನ್ಸಿಲಣ್ಣನಿಗೆ ಆ ಹೆಸರು ಬಂದದ್ದೂ ಇದರಿಂದಲೇ, ಕಿವಿಯ ಮೇಲೆ ಪೆನ್ಸಿಲ್ ಇಲ್ಲದೆ ಅವನನ್ನು ಯಾರೂ ಕಂಡಿಲ್ಲ. ತೆರೆದ ಪ್ರತಿ ಬಾಟ್ಲಿಗೂ ಪರೀಕ್ಷೆ. ಬೆರಳಗಲದ ಕಾಗದದ ಪಟ್ಟಿ, ಅದರ ಒಂದು ತುದಿಯಲ್ಲಿ ಮದ್ದು ಸವರಿದ ಚೌಕ. ಚೌಕವನ್ನು ಅದ್ದಿದಾಗ ಬಿಳಿಯಾಗೇ ಉಳಿದರೆ ಕ್ಷೇಮ, ನೀಲಿಗೆ ತಿರುಗಿದರೆ ಆ ಬಾಟ್ಲಿಯ ತಂಟೆಗೇ ಹೋಗಬಾರದು. ಅದ್ದಿದ ಪಟ್ಟಿಯನ್ನು ಪುಸ್ತಕದಲ್ಲಿ ಬಾಟ್ಲಿಯ ನಂಬರಿನ ಪಕ್ಕ ಅಂಟಿಸಬೇಕು.

ಪೆನ್ಸಿಲಣ್ಣ ಪಟ್ಟಿಯ ಬಾಲಕ್ಕೆ ಮಾತ್ರ ಅಂಟು ಹಚ್ಚುತ್ತಿದ್ದ, ಚೌಕದ ತುದಿಯನ್ನು ಸಡಿಲ ಬಿಡುತ್ತಿದ್ದ. ಪುಸ್ತಕ ತೆರೆದರೆ ಪಟ್ಟಿಗಳೆಲ್ಲ ಕೋಳಿ ಪುಕ್ಕದ ಹಾಗೆ ಎದ್ದು ನಿಲ್ಲುತ್ತಿದ್ದವು. ಮೂವತ್ತೊಂದನೇ ನಂಬರಿನದೊಂದು ಮಾತ್ರ ಚೌಕದ ಕಡೆಯಿಂದ ಅಂಟಿ, ಬಾಲ ಮೇಲೆತ್ತಿತ್ತು. ಹುಡುಗಿಯ ಮುಖಕ್ಕೆ ಸಿಡಿದದ್ದು ಮೂವತ್ತೊಂದನೇ ನಂಬರಿನ ಈಥರೇ.

ಪೊಲೀಸರೂ ಈ ಪುಟ ನೋಡಿದ್ದರು. ಬಿಳಿ ಪಟ್ಟಿ, ಪೆನ್ಸಿಲ್ ಬರಹ. ಹಳೇ ಬಾಟ್ಲಿಯ ವಿಚಾರ ಮರೆತ ಉಗ್ರಾಣದವನು ತಪ್ಪು ಮುಚ್ಚಲು ಹೊಸ ತಾರೀಖು ಬರೆದು, ಅದ್ದದ ಪಟ್ಟಿಯನ್ನೇ ಅಂಟಿಸಿದ ಅಂತ ಕೇಸು ಬರೆದು ಮುಗಿಸಿದ್ದರು. ಪಟ್ಟಿ ಯಾವ ತುದಿಯಿಂದ ಅಂಟಿದೆ ಅಂತ ನೋಡುವ ಪುರುಸೊತ್ತು ಯಾರಿಗಿತ್ತು?

ಹೊಗೆರಾಯ ಪುಸ್ತಕ ಮುಚ್ಚಿದ. ಅವನಿಗೆ ಆ ಉಲ್ಟಾ ಪಟ್ಟಿ ಹೊಸದಲ್ಲ. ಹತ್ತು ವರ್ಷದವನಿದ್ದಾಗ, ಅಮ್ಮ ಸತ್ತ ವರ್ಷ, ಶಾಲೆ ಬಿಟ್ಟ ಮೇಲೆ ಅವನು ಕೂರುತ್ತಿದ್ದದ್ದು ಇದೇ ಕಟ್ಟಡದಲ್ಲಿ, ಆಗಿನ್ನೂ ಕೆಲಸ ಕಲಿಯುತ್ತಿದ್ದ ಅಕ್ಕನ ಮೇಜಿನ ಪಕ್ಕದಲ್ಲಿ. ಊಟ ಹಾಕಿದ್ದು ಅಕ್ಕ, ಮಗ್ಗಿ ಬಾಯಿಪಾಠ ಮಾಡಿಸಿದ್ದು ಅಕ್ಕ. ಗುಡುಗಿದರೆ ಅವನ ಎರಡೂ ಕಿವಿ ಮುಚ್ಚುತ್ತಿದ್ದದ್ದೂ ಅಕ್ಕನ ಕೈಗಳೇ. ಸುಮ್ಮನೆ ಕೂತವನಿಗೆ ಅಂಟಿನ ಡಬ್ಬಿ ಕೊಟ್ಟು ಅವಳು ಹೇಳುತ್ತಿದ್ದಳು, "ಚೌಕ ಕೆಳಗೆ ಮಾಡಿ ಅಂಟಿಸು ತಮ್ಮಾ. ಬಾಲ ಮೇಲಿರಲಿ, ಹಿಡಿದು ನೋಡೋಕೆ ಸುಲಭ."

"ಛೇ, ಛೇ" ಅಂತ ತನಗೆ ತಾನೇ ಅಂದುಕೊಂಡ. ಅಕ್ಕನ ಕಾಲದ ಹಳಬರು ಇನ್ನೂ ಯಾರಾದರೂ ಇರಬಹುದಲ್ಲ ಅಂತ ಲೆಕ್ಕ ಹಾಕಿದ. ಯಾರೂ ಉಳಿದಿರಲಿಲ್ಲ.

*

ಠಾಣೆಯ ಕಂಬಿಯ ಹಿಂದೆ ಪೆನ್ಸಿಲಣ್ಣ ಗೋಡೆಗೊರಗಿ ಕೂತಿದ್ದ. ಕಿವಿಯ ಮೇಲೆ ಪೆನ್ಸಿಲ್ ಇರಲಿಲ್ಲ. ಚೂಪಾದ ವಸ್ತು ಅಂತ ಕಿತ್ತುಕೊಂಡಿದ್ದರಂತೆ.

"ಒಂದೇ ಪ್ರಶ್ನೆ ಪೆನ್ಸಿಲಣ್ಣ. ಪಟ್ಟಿಯ ಯಾವ ತುದಿಗೆ ಅಂಟು ಹಚ್ತೀಯ?"

"ಬಾಲಕ್ಕೆ ರಾಯರೇ. ಚೌಕಕ್ಕೆ ಅಂಟು ತಗುಲಿದ್ರೆ ಬಣ್ಣ ಕೆಡುತ್ತೆ."

"ಮೊದಲಿಂದಲೂ ಹಾಗೇನಾ?"

"ಕೆಲಸಕ್ಕೆ ಸೇರಿದಾಗ ಅಮ್ಮಾವ್ರು, ಅದೇ ನಿಮ್ಮಕ್ಕ, ಉಲ್ಟಾ ಅಂಟಿಸೋಕೆ ಹೇಳಿಕೊಟ್ಟಿದ್ರು. ಒಂದು ವರ್ಷ ನೋಡಿದೆ, ಸರಿ ಬರಲಿಲ್ಲ, ನಾನೇ ಬದಲಾಯಿಸಿದೆ. ಇಪ್ಪತ್ತೊಂದು ವರ್ಷ ಆಯ್ತು." ಅವನು ನಾಚಿಕೊಂಡವನಂತೆ ನಕ್ಕ. "ಅವರಿಗೆ ಹೇಳಲೇ ಇಲ್ಲ. ದೊಡ್ಡವರು ಕಲಿಸಿದ್ದನ್ನ ತಪ್ಪು ಅಂತ ಹ್ಯಾಗೆ ಹೇಳೋದು? ಅವರು ತಿಂಗಳ ಕೊನೆಗೆ ಸಹಿ ಹಾಕೋ ಕಡೆ ಮಾತ್ರ ನೋಡ್ತಾರೆ, ಪಟ್ಟಿ ಕಡೆ ನೋಡಲ್ಲ."

"ಮೂವತ್ತೊಂದರ ಚೀಟಿಯಲ್ಲಿರೋ ತಾರೀಖಿನ ದಿನ ನೀನು ರಜ ಅಂದಿದ್ದೆಯಲ್ಲ?"

"ಹೌದು ಸ್ವಾಮಿ! ರಜಾಚೀಟಿ ಬರೆದು ಅಮ್ಮಾವ್ರ ಕೈಗೇ ಕೊಟ್ಟಿದ್ದೆ. ಪಾಪ, ಅವರೂ ಹುಡುಕಿಸಿದ್ರು, ಸಿಗಲಿಲ್ಲ."

"ಮೂವತ್ತೊಂದನೇ ನಂಬರು ಯಾವಾಗ ಬಂದ ಮಾಲು?"

ಪೆನ್ಸಿಲಣ್ಣ ತಲೆ ಕೆರೆದುಕೊಂಡ. "ಅದೇ ನಂಗೆ ಬಗೆಹರೀತಿಲ್ಲ. ಮೂವತ್ತೊಂದು, ಮೂವತ್ತೆರಡು ಎರಡೂ ಜೋಡಿ ಬಾಟ್ಲಿ. ಎರಡು ವರ್ಷದ ಹಿಂದೇನೇ ಹಳತಾಗಿದ್ವು. ಪಟ್ಟಿ ಅದ್ದಿದ್ರೆ ಕಡುನೀಲಿ. ಮುಟ್ಟೋದು ಬೇಡ, ನಾಶ ಮಾಡೋರನ್ನ ಕರೆಸಿ ಅಂತ ಅಮ್ಮಾವ್ರಿಗೆ ಹೇಳಿದೆ. ಕರೆಸಿದೆ, ಒಯ್ದರು ಅಂತ ಕಾಗದಕ್ಕೆ ಸಹಿ ಹಾಕಿದ್ರು. ನಾನು ದಾಸ್ತಾನಿನ ಲೆಕ್ಕದಿಂದ ನಂಬರು ಹೊಡೆದು ಹಾಕಿದೆ. ಸತ್ತ ನಂಬರು ಎದ್ದು ಬಂದಿದ್ದು ಹ್ಯಾಗೆ?"

"ಇದನ್ನ ಪೊಲೀಸರಿಗೆ ಹೇಳಿದೆಯಾ?"

"ಅಮ್ಮಾವ್ರಿಗೆ ಹೇಳಿದೆ. ಈಗ ಬಾಯಿ ಬಿಡಬೇಡ, ವಕೀಲರ ಮುಂದೆ ನಾನೇ ಹೇಳ್ತೀನಿ ಅಂದ್ರು." ಅವನ ಮುಖದಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. "ನಾಳೆ ಮತ್ತೆ ಕೋರ್ಟಿಗೆ ಕರ್ಕೊಂಡು ಹೋಗ್ತಾರಂತೆ. ಜೈಲೇ ಗತಿ ಅಂತ ಪೇದೆ ಹೆದರಿಸ್ತಾನೆ. ಅಮ್ಮಾವ್ರು ಇರೋ ತನಕ ನನಗೇನು ಭಯ ರಾಯರೇ? ಮೊನ್ನೆ ನಮ್ಮ ಮನೆಗೂ ಹೋಗಿ ನನ್ನ ಹೆಂಡತಿಗೆ ಸಮಾಧಾನ ಹೇಳಿ ಬಂದಿದ್ದಾರೆ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುತ್ತಾರಲ್ಲ. ಇಲ್ಲಿ ಎಮ್ಮೆ ಬರೆ ಹಾಕಿಸಿಕೊಂಡು ಕೈಯನ್ನೂ ಮುಗಿಯುತ್ತಿತ್ತು. ಹೊಗೆರಾಯ ಕಂಬಿಯೊಳಗೆ ಕೈ ಹಾಕಿ ಅವನ ಭುಜ ಒಮ್ಮೆ ಒತ್ತಿ ಎದ್ದು ಬಂದ.

ದಾರಿಯಲ್ಲಿ ಔಷಧದಂಗಡಿಯೊಂದರಿಂದ ಕಂದು ಬಣ್ಣದ ಖಾಲಿ ಬಾಟ್ಲಿ ಕೇಳಿ ತಂದ. ನಲ್ಲಿಯ ನೀರು ತುಂಬಿದ. ಮುಚ್ಚಳದ ಸುತ್ತ ಅಂಟು ಸವರಿ ಉಪ್ಪಿನ ಪುಡಿ ಉದುರಿಸಿದ. ಕೊರಳಿಗೆ ಚೀಟಿ ಅಂಟಿಸಿ, ಪೆನ್ಸಿಲಿನಲ್ಲಿ ಮೂವತ್ತೆರಡು ಅಂತ ಬರೆದು, ಮೂವತ್ತೊಂದರ ಮೇಲಿದ್ದ ಅದೇ ತಾರೀಖು ಹಾಕಿದ. ಅಕ್ಷರ ಸರಿ ಬರುವಷ್ಟರಲ್ಲಿ ಎರಡು ಚೀಟಿ ಹಾಳಾದವು.

ಅವನ ಲೆಕ್ಕ ಸರಳವಾಗಿತ್ತು. ಚೀಟಿಯ ತಾರೀಖನ್ನು ನಂಬಿದವರಿಗೆ ಇದು ಹೊಸ ಬಾಟ್ಲಿ, ಮುಚ್ಚಳದ ಬಿಳಿ ಬರೀ ಧೂಳು, ಮುಟ್ಟಲು ಹೆದರಬೇಕಿಲ್ಲ. ತಾರೀಖು ಸುಳ್ಳು ಅಂತ ಗೊತ್ತಿದ್ದವರು ಮಾತ್ರ ಹೆದರಬೇಕು. ಅಕ್ಕ ನಕ್ಕುಬಿಡಲಿ ದೇವರೇ ಅಂತ ಹಾರೈಸುತ್ತ ಮೆಟ್ಟಿಲು ಹತ್ತಿದ. ಕೆಲಸಕ್ಕೆ ಇಳಿದ ಮೇಲೆ ಮೊದಲ ಸಲ ತನ್ನ ಊಹೆ ಸುಳ್ಳಾಗಲಿ ಅಂತ ಬೇಡಿಕೊಳ್ಳುತ್ತಿದ್ದ.

*

ಅಕ್ಕನ ಕೋಣೆ ಯಾವತ್ತಿನಂತೆ ಓರಣವಾಗಿತ್ತು. ಮೇಜಿನ ಮೇಲೆ ಅವಳ ನಿವೃತ್ತಿಯ ಕಾಗದಗಳು, ಗೋಡೆಯ ಬದಿಗೆ ಬೀಗ ಹಾಕಿದ ಹಸಿರು ಬೀರು, ಕಿಟಕಿಯಲ್ಲಿ ಹೂಕುಂಡ. ಅವಳು ಕಿತ್ತಳೆ ಸುಲಿಯುತ್ತ ಕೂತಿದ್ದಳು.

"ಬಾರೋ. ಮುಖ ಯಾಕೆ ಹಾಗೆ ಸೊರಗಿದೆ? ಊಟ ಮಾಡಿಲ್ಲ ತಾನೇ?" ಒಂದು ತೊಳೆಯ ನಾರನ್ನೆಲ್ಲ ಬಿಡಿಸಿ ಅವನ ಕಡೆ ಚಾಚಿದಳು. ನಲವತ್ತೆಂಟು ವರ್ಷದ ತಮ್ಮನಿಗೆ ಈಗಲೂ ನಾರು ಬಿಡಿಸಿಯೇ ಕೊಡುವವಳು. "ತಿನ್ನು, ಸಿಹಿಯಾಗಿದೆ. ಪೆನ್ಸಿಲಣ್ಣನ ಮನೆಗೆ ಕೊಟ್ಟು ಬಂದೆನಲ್ಲ, ಅದೇ ಅಂಗಡಿಯದು."

ಅವನು ತೊಳೆ ತೆಗೆದುಕೊಂಡ, ತಿನ್ನಲಿಲ್ಲ. ಚೀಲದಿಂದ ಬಾಟ್ಲಿ ತೆಗೆದು ಕಾಗದಗಳ ಮೇಲಿಟ್ಟ.

"ಏನೋ ಅದು?"

"ಉಗ್ರಾಣದ ಕೆಳಗಿನ ಗೂಡಿನ ಹಿಂದೆ ಸಿಕ್ತು. ಮೂವತ್ತೆರಡನೇ ನಂಬರು, ಮೂವತ್ತೊಂದರ ಜೋಡಿ."

ಅಕ್ಕನ ಬೆರಳು ಕಿತ್ತಳೆಯ ಮೇಲೆ ನಿಂತಿತು.

"ತಾರೀಖು ನೋಡು, ತೆರೆದು ತಿಂಗಳೂ ಆಗಿಲ್ಲ" ಅಂತ ಹೊಗೆರಾಯ ಹಗುರವಾಗಿ ಅಂದ. "ಈಗಲೇ ಒಂದು ಪಟ್ಟಿ ಅದ್ದಿ ನೋಡೋಣ. ಬಿಳಿ ಉಳಿದರೆ ಮೂವತ್ತೊಂದೂ ಚೆನ್ನಾಗೇ ಇತ್ತು ಅಂತ ವಾದ ಮಾಡಬಹುದು, ಪೆನ್ಸಿಲಣ್ಣ ಬಚಾವು."

ಎಡಗೈಯಲ್ಲಿ ಬಾಟ್ಲಿಯನ್ನು ಒತ್ತಿ ಹಿಡಿದು, ಬಲಗೈಯನ್ನು ಮುಚ್ಚಳದ ಮೇಲಿಟ್ಟ.

"ಬೇಡ!"

ಕುರ್ಚಿ ಹಿಂದಕ್ಕೆ ಬಿತ್ತು. ಅಕ್ಕ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು, ಕಿತ್ತಳೆ ನೆಲದ ಮೇಲೆ ಉರುಳಿ ಹೋಗುತ್ತಿತ್ತು.

"ತಿರುಗಿಸಬೇಡ ತಮ್ಮಾ! ಅಲ್ಲಾಡಿಸಲೂ ಬೇಡ. ಮೆಲ್ಲಗೆ ಕೈ ತೆಗಿ. ನಿನ್ನ ಕಾಲಿಗೆ ಬೀಳ್ತೀನಿ, ಕೈ ತೆಗಿ!"

"ಯಾಕಕ್ಕಾ? ಹೊಸ ಬಾಟ್ಲಿ ತಾನೇ?"

"ಅದು ಇಲ್ಲಿಗೆ ಹ್ಯಾಗೆ ಬಂತು? ಅದು ಇಲ್ಲಿರೋಕೆ ಸಾಧ್ಯವೇ ಇಲ್ಲ. ಅದು..."

ಮಾತು ಅಲ್ಲೇ ನಿಂತಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಗಾದೆಯನ್ನು ಅವನಿಗೆ ಹೇಳಿಕೊಟ್ಟವಳೂ ಅವಳೇ.

ಹೊಗೆರಾಯ ಮುಚ್ಚಳ ತಿರುಗಿಸಿದ. ಅಕ್ಕ ಕಿರುಚಿದಳು. ಅವನು ಕಿಟಕಿಯ ಬಳಿ ಹೋಗಿ ಬಾಟ್ಲಿಯನ್ನು ಹೂಕುಂಡಕ್ಕೆ ಬಗ್ಗಿಸಿದ. ಗುಳುಗುಳು ಅಂತ ನೀರು ಸುರಿಯಿತು.

"ನೀರು ಅಕ್ಕಾ. ಮುಚ್ಚಳದ ಮೇಲಿರೋದು ಉಪ್ಪು."

ಬಹಳ ಹೊತ್ತು ಅವಳು ಕುಂಡವನ್ನೇ ನೋಡಿದಳು. ಆಮೇಲೆ ಬಿದ್ದ ಕುರ್ಚಿಯನ್ನು ತಾನೇ ಎತ್ತಿ ನೆಟ್ಟಗೆ ಮಾಡಿ ಕೂತಳು.

"ನನ್ನನ್ನೇ ಪರೀಕ್ಷೆ ಮಾಡಿದೆಯೇನೋ?"

"ಫೇಲಾಗಲಿ ಅಂತ ಮಾಡಲಿಲ್ಲ" ಅಂದ. ಅವನ ಕಣ್ಣು ತುಂಬಿತ್ತು, ಒರೆಸಿಕೊಳ್ಳುವ ಗೋಜಿಗೂ ಹೋಗಲಿಲ್ಲ. "ನೀನು ನಕ್ಕು, ತೆಗೆಯೋ ಮುಚ್ಚಳ, ಅಂದುಬಿಡ್ತೀಯ ಅಂತಿದ್ದೆ. ಪಟ್ಟಿ ಉಲ್ಟಾ ಅಂಟಿಸಿದ್ದೀಯ ಅಕ್ಕಾ. ಪೆನ್ಸಿಲಣ್ಣ ಅದನ್ನ ಬದಲಾಯಿಸಿ ಇಪ್ಪತ್ತೊಂದು ವರ್ಷ ಆಯ್ತಂತೆ. ಈಗ ಹಾಗೆ ಅಂಟಿಸೋರು ಉಳಿದಿರೋದು ಇಬ್ಬರೇ, ನೀನು, ನಾನು."

ಅಕ್ಕ ಕಾಗದಗಳ ಅಂಚು ಸರಿ ಮಾಡಿದಳು. ಅವಳ ದನಿ ಪಾಠ ಒಪ್ಪಿಸುವ ಹಾಗೆ ಇತ್ತು.

"ನಾಶ ಮಾಡೋರು ಆ ವಾರ ಬರಲಿಲ್ಲ. ಮುಂದಿನ ವಾರ ಬರ್ತಾರೆ ಅಂತ ಸಹಿ ಹಾಕಿಬಿಟ್ಟೆ. ಮುಂದಿನ ವಾರ ಮರೆತೆ. ನೆನಪಾದಾಗ ತಿಂಗಳುಗಟ್ಟಲೆ ಆಗಿತ್ತು, ಕರೆಸಿದ್ರೆ ಸಹಿ ಸುಳ್ಳು ಅಂತ ಬಯಲಾಗ್ತಿತ್ತು. ಈ ಬೀರುವಿನಲ್ಲಿ ಬೀಗ ಹಾಕಿ ಇಟ್ಟೆ. ಹೋದ ತಿಂಗಳು ತಪಾಸಣೆಯವರು ಎಲ್ಲ ಬೀರೂ ತೆಗೆಸ್ತೀವಿ ಅಂದ್ರು. ಒಂದೇ ಒಂದು ವಾರ ಉಗ್ರಾಣದಲ್ಲಿ ಹೊಸ ಬಾಟ್ಲಿಗಳ ನಡುವೆ ಇರಲಿ, ಆಮೇಲೆ ತೆಗೆದುಬಿಡ್ತೀನಿ ಅಂದ್ಕೊಂಡೆ. ಮೂವತ್ತೊಂದಕ್ಕೆ ಹೊಸ ತಾರೀಖು ಬರೆದು ಅದ್ದದ ಪಟ್ಟಿ ಅಂಟಿಸಿದೆ, ಮೂವತ್ತೆರಡಕ್ಕೆ ಅಂಟಿಸೋ ಹೊತ್ತಿಗೆ ಯಾರೋ ಬಂದ್ರು, ಅದು ಬೀರುವಿನಲ್ಲೇ ಕೋಟಿನ ಕೆಳಗೆ ಉಳೀತು."

"ಅಷ್ಟರಲ್ಲಿ ಆ ಹುಡುಗಿ ಮೂವತ್ತೊಂದನ್ನ ತೊಗೊಂಡು ಹೋದಳು."

"ಅವಳಿಗೆ ಏನೂ ಆಗಬಾರದಿತ್ತು."

"ಆಗಿದೆ ಅಕ್ಕಾ! ನಿನ್ನ ಚೀಟಿ ನಂಬಿ ಭಟ್ಟಿಗೆ ಹಾಕಿದಳು. ತಾರೀಖು ನೋಡೇ ಹಾಕಿದಳು, ನೀನು ಕಲಿಸಿದ ಹಾಗೇ. ನಿನ್ನೆ ಆಸ್ಪತ್ರೆಯಲ್ಲಿ ನನ್ನ ಕೈ ಹಿಡ್ಕೊಂಡು, ನಾನೇ ಏನೋ ತಪ್ಪು ಮಾಡಿರಬೇಕು ಸರ್ ಅಂತ ಅತ್ತಳು."

ಅಕ್ಕ ಕಿತ್ತಳೆಯ ಸಿಪ್ಪೆಗಳನ್ನು ಒಂದೊಂದಾಗಿ ಮೇಜಿನ ತುದಿಗೆ ಸರಿಸಿದಳು.

"ಪೆನ್ಸಿಲಣ್ಣನ ರಜಾಚೀಟಿ?"

"ಹರಿದು ಹಾಕಿದೆ."

"ಅವನು ನಿನ್ನನ್ನ ದೇವರು ಅಂತಾನೆ."

"ಗೊತ್ತು."

ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯೋರ್ಯಾರು? ಹೊಗೆರಾಯ ಮೇಜಿನ ಅಂಚು ಹಿಡಿದು ನಿಂತ. ಬೆಂಕಿಯಲ್ಲಿ ಕುಸಿದ ಮನೆಗಳನ್ನು ಅವನು ಎಷ್ಟೋ ನೋಡಿದ್ದ, ತನ್ನದೇ ಮನೆ ಕುಸಿದದ್ದು ಇದೇ ಮೊದಲು.

"ಹಾಗಾದ್ರೆ ನನ್ನನ್ನ ಯಾಕೆ ಕರೆಸಿದೆ? ಅವನನ್ನ ಬಿಡಿಸು ಅಂತ ಫೋನಿನಲ್ಲಿ ಅತ್ತೆಯಲ್ಲ, ಅದು ಯಾಕೆ?"

ಅಕ್ಕ ಮೊದಲ ಬಾರಿಗೆ ಅವನ ಕಣ್ಣು ನೋಡಿದಳು. "ಯಾರನ್ನಾದ್ರೂ ಕರೆಸಲೇಬೇಕು ಅಂತ ಮೇಲಿನವರು ಹಟ ಹಿಡಿದಿದ್ರು. ಬೇರೆ ಯಾರೇ ಬಂದಿದ್ರೂ ಮೊದಲನೇ ದಿನ ಈ ಬೀರು ತೆಗೆಸ್ತಿದ್ರು. ನೀನು ತೆಗೆಸಲ್ಲ ಅಂತ ನನಗೆ ಗೊತ್ತಿತ್ತು."

ಅವನು ಹಸಿರು ಬೀರುವಿನ ಕಡೆ ನೋಡಿದ. ಬಂದ ದಿನದಿಂದ ಅದರ ಪಕ್ಕದಲ್ಲೇ ಕೂತು ಅವಳು ಕೊಟ್ಟ ಕಾಫಿ ಕುಡಿದಿದ್ದ. ಬೀಗದ ಕೈ ಕೇಳಬೇಕು ಅಂತ ಒಮ್ಮೆಯೂ ಹೊಳೆದಿರಲಿಲ್ಲ.

"ಪೆನ್ಸಿಲಣ್ಣನ ಪರ ಹುಡುಕೋಕೆ ಬಂದ ಸ್ವಂತ ತಮ್ಮನಿಗೇ ಏನೂ ಸಿಗಲಿಲ್ಲ ಅಂದ್ರೆ ಆಮೇಲೆ ಯಾರೂ ಪ್ರಶ್ನೆ ಕೇಳಲ್ಲ" ಅಂತ ಅವಳು ಮೆಲ್ಲಗೆ ಮುಗಿಸಿದಳು. "ಮೂವತ್ತೆಂಟು ವರ್ಷ ಕಣೋ. ಇನ್ನು ಮೂರು ತಿಂಗಳು ಉಳಿದಿತ್ತು. ಒಂದು ಸಹಿಗೋಸ್ಕರ ಅಷ್ಟೂ ಮಣ್ಣುಪಾಲಾಗಬೇಕಿತ್ತಾ? ನಿನ್ನನ್ನ ಸಾಕಿದೆ, ಓದಿಸಿದೆ, ಒಂದು ದಿನ ಏನೂ ಕೇಳಲಿಲ್ಲ. ಇದೊಂದನ್ನ..."

"ಕೇಳಿದ್ರೆ ಕೊಡ್ತಿದ್ನೇನೋ! ನೀನು ಕೇಳಲಿಲ್ಲ, ಕತ್ತು ಕೊಯ್ದೆ!" ಅವನ ಕೂಗಿಗೆ ಕಿಟಕಿಯ ಗಾಜು ಗಲಗಲ ಅಂದಿತು. ಆಮೇಲೆ, ಅವನ ಕಸುಬು ಅವನನ್ನು ಹಿಡಿದೆಳೆಯಿತು. ಅವಳು ಅರ್ಧಕ್ಕೆ ನುಂಗಿದ ಮಾತೊಂದು ಇನ್ನೂ ಬಾಕಿ ಇತ್ತು.

"ಆಗ ಏನಂದೆ? ಅದು ಇಲ್ಲಿರೋಕೆ ಸಾಧ್ಯವಿಲ್ಲ ಅಂದೆ."

ಅಕ್ಕನ ಮುಖದ ಬಣ್ಣ ಇಳಿಯಿತು.

"ನಿಜವಾದ ಮೂವತ್ತೆರಡು ಎಲ್ಲಿದೆ ಅಕ್ಕಾ?"

ಅವಳು ಕಾಗದಗಳನ್ನು ಮತ್ತೆ ಜೋಡಿಸತೊಡಗಿದಳು.

"ಮುಚ್ಚಳದ ಸುತ್ತ ಬಿಳಿ ಇತ್ತಾ?"

"ಇತ್ತು" ಅಂದಳು, ಕೇಳಿಸೀ ಕೇಳಿಸದ ಹಾಗೆ. "ಇವತ್ತು ನೀನು ತಂದಿದ್ದಕ್ಕಿಂತ ದಪ್ಪಗೆ."

ಅವನು ಬೀರುವಿನ ಬಾಗಿಲು ಹಿಡಿದ. "ಇದರಲ್ಲಿದೆಯಾ?"

"ಇಲ್ಲ." ಅವಳ ಕಣ್ಣು ನೆಲದ ಮೇಲಿನ ಕಿತ್ತಳೆಯ ಕಡೆ ಹೋಯಿತು. ಅವನ ಕಣ್ಣೂ ಹೋಯಿತು. ಪೆನ್ಸಿಲಣ್ಣನ ಮನೆಗೆ ಕೊಟ್ಟು ಬಂದೆನಲ್ಲ, ಅದೇ ಅಂಗಡಿಯದು.

"ಅಯ್ಯೋ ಅಕ್ಕಾ" ಅಂದ ಹೊಗೆರಾಯ. "ಅಯ್ಯೋ ಪಾಪಿ!"

"ಸ್ವೆಟರಿನಲ್ಲಿ ಸುತ್ತಿ, ಹ್ಯಾಂಡ್‌ಬ್ಯಾಗಿನಲ್ಲಿಟ್ಟು ಬಸ್ಸಿನಲ್ಲಿ ತೊಡೆ ಮೇಲೆ ಹಿಡ್ಕೊಂಡು ಹೋದೆ. ಪ್ರತಿ ಕುಲುಕಿಗೂ ಜೀವ ಹೋಗಿ ಬಂತು. ಅವನ ಹೆಂಡತಿ ಟೀ ಮಾಡೋಕೆ ಒಳಗೆ ಹೋದಾಗ ಮಂಚದ ಕೆಳಗೆ ಪೆಟ್ಟಿಗೆ ಹಿಂದೆ ಇಟ್ಟೆ. ಹಳೇ ಬಾಟ್ಲಿ ಅವನ ಮನೆಯಲ್ಲಿ ಸಿಕ್ಕರೆ ಕೇಸು ಗಟ್ಟಿಯಾಗುತ್ತೆ ಅಂತ. ಯಾರೂ ತೆರೆಯಲ್ಲ ತಮ್ಮಾ. ಪೊಲೀಸರು ಸಾಕ್ಷಿ ಅಂತ ಹಾಗೇ ಸೀಲ್ ಮಾಡಿ ಒಯ್ತಾರೆ, ಅಷ್ಟೇ."

"ಪೊಲೀಸರಿಗೆ ಯಾವಾಗ ಹೇಳಿದೆ?"

"ಮಧ್ಯಾಹ್ನ. ಹೆಸರು ಹೇಳದೆ ಫೋನ್ ಮಾಡಿದೆ. ನಾಲ್ಕು ಗಂಟೆಗೆ ಹೋಗ್ತೀವಿ ಅಂದ್ರು."

ಗೋಡೆ ಗಡಿಯಾರದಲ್ಲಿ ನಾಲ್ಕೂ ಹತ್ತು.

ಹೊಗೆರಾಯನ ಬೆರಳು ಫೋನಿನ ಮೇಲೆ ತಡವರಿಸಿತು. ಒಂದು ಸಲ ತಪ್ಪು ನಂಬರು. ಎರಡನೇ ಸಲ ಗಂಟೆ ಹೊಡೆಯಿತು, ಹೊಡೆಯುತ್ತಲೇ ಇತ್ತು. ಕೊನೆಗೆ ಪೆನ್ಸಿಲಣ್ಣನ ಹೆಂಡತಿಯ ಏದುಸಿರು ಕೇಳಿಸಿತು. ಹಿಂದೆ ಗಂಡಸರ ದನಿಗಳು, ಪಾತ್ರೆಗಳ ಸದ್ದು.

"ಯಾರು, ರಾಯರಾ? ನೋಡಿ ರಾಯರೇ, ಪೊಲೀಸರು ಬಂದು ಮನೆಯೆಲ್ಲ ಕಿತ್ತು ಹಾಕಿದ್ದಾರೆ. ಮಂಚದ ಕೆಳಗಿಂದ ಎಂಥದೋ ಕಂದು ಬಾಟ್ಲಿ ತೆಗೆದು, ಕದ್ದ ಮಾಲು ಅಂತಾರೆ!"

"ಅತ್ತಿಗೆ, ಕೇಳಿ, ಆ ಬಾಟ್ಲಿ..."

"ನಮ್ಮನೆಯವರು ಒಂದು ಪೆನ್ಸಿಲ್ ತುಂಡನ್ನೂ ಮನೆಗೆ ತಂದವರಲ್ಲ. ಒಳಗೇನಿದೆ ಅಂತ ಮೂಸಿ ನೋಡಿದ್ರೆ ಗೊತ್ತಾಗುತ್ತಲ್ಲ, ಕೊಡಿ ಇಲ್ಲಿ, ನಾನೇ ತೆರೆದು ತೋರಿಸ್ತೀನಿ ಅಂದೆ. ಕಳ್ಳರ ಮನೆ ಅಂತ ಯಾರೂ ಅನ್ನಬಾರದು."

"ಬೇಡ! ಅತ್ತಿಗೆ, ಮುಟ್ಟಬೇಡಿ! ಎಲ್ಲರೂ ಆಚೆ ಬನ್ನಿ!"

"ಏನಂದ್ರಿ? ಇವರ ಗಲಾಟೆಯಲ್ಲಿ ಒಂದೂ ಕೇಳಿಸ್ತಿಲ್ಲ. ಮುಚ್ಚಳ ಬಿಗಿಯಾಗಿ ಕೂತುಬಿಟ್ಟಿದೆ. ಇರಿ, ಎರಡೂ ಕೈ ಬೇಕು."

ಫೋನನ್ನು ಯಾವುದೋ ಹಲಗೆಯ ಮೇಲೆ ಇಟ್ಟ ಸದ್ದು ಟಕ್ ಅಂತ ಕೇಳಿಸಿತು.

"ಅತ್ತಿಗೇ! ಅತ್ತಿಗೇ!" ಹೊಗೆರಾಯ ಗಂಟಲು ಹರಿಯುವಂತೆ ಕೂಗಿದ. ಆ ಕಡೆಯಿಂದ ಯಾರೋ, ಬಟ್ಟೆ ಸುತ್ತಿ ತಿರುಗಿಸಮ್ಮ, ಅಂದರು. ಅವನು ಕೂಗುತ್ತಲೇ ಅಕ್ಕನ ಕಡೆ ತಿರುಗಿದ.

ಅಕ್ಕ ಕಣ್ಣು ಬಿಗಿದು, ಎರಡೂ ಕೈಗಳಿಂದ ತನ್ನ ಕಿವಿ ಮುಚ್ಚಿಕೊಂಡಿದ್ದಳು.